ಎರಡನೇ ದಿನದ ರಕ್ತ

ಬಿಸಿಲು ಶವದ ಪೆಟ್ಟಿಗೆಯ ಕಾಲಬದಿಗೆ ಬಂದದ್ದನ್ನು ಕಂಡು ಮೂಯ್ ಟಾರ್ಪಾಲಿನ ಬಿದಿರು ಗಳುವನ್ನು ನೆಲದಿಂದ ಕಿತ್ತಳು. ಎರಡು ಕೈಯಲ್ಲೂ ಹಿಡಿದು ಆಚೆಗೆ ಎಳೆದಳು. ನೆರಳು ಸರಿದು ಗಂಡನ ಕಾಲು ಮುಚ್ಚಿತು, ತಲೆ ಬಯಲಾಯಿತು. ಮತ್ತೆ ಈಚೆಗೆ ಎಳೆದಳು. ಈಗ ತಲೆಗೆ ನೆರಳು, ಕಾಲಿಗೆ ಬಿಸಿಲು.

"ಅಮ್ಮಾ, ಬಿಡಮ್ಮ. ಕೊಡು ಇಲ್ಲಿ, ನಾನು ಹಿಡ್ಕೋತೀನಿ," ಎಂದು ಮಗಳು ದಿಯೆಮ್ ಓಡಿ ಬಂದಳು. ಹಣೆಗೆ ಕಟ್ಟಿದ ಬಿಳಿ ಪಟ್ಟಿ ಅವಳ ಕಣ್ಣಿನ ಮೇಲೆ ಜಾರಿತ್ತು.

"ನಿಮ್ಮಪ್ಪಂಗೆ ಬಿಸಿಲು ಆಗ್ತಿರ್ಲಿಲ್ಲ ಕಣೆ. ಗದ್ದೆ ಕೆಲಸ ಬೇಡ ಅಂತಾನೇ ನೆಲ ಹಾಸೋದು ಕಲಿತಿದ್ದು."

"ಗೊತ್ತಮ್ಮ."

"ಒಳಗೆ ಎಷ್ಟು ತಂಪಾಗಿದೆ ನೋಡು."

ಒಳಗೆ ನಿಜವಾಗಿಯೂ ತಂಪಾಗಿತ್ತು. ಪೆಟ್ಟಿಗೆಯಿಂದ ಹತ್ತು ಹೆಜ್ಜೆ ಇಟ್ಟರೆ ಮನೆಯ ಬಾಗಿಲು. ಬಾಗಿಲಾಚೆ ಬೂದುಬಣ್ಣದ ಟೈಲ್ಸು ಹೊಳೆಯುತ್ತಿತ್ತು. ಊರಿನವರ ಮನೆಗೆಲ್ಲ ನೆಲ ಹಾಸಿಕೊಟ್ಟ ಡೂಕ್ ತನ್ನ ಮನೆಗೆ ಮಾತ್ರ ಇಪ್ಪತ್ತು ವರ್ಷ ಬರಿಯ ಸಿಮೆಂಟು ಬಳಿದು ಬಿಟ್ಟಿದ್ದ. ಹೋದ ವರ್ಷ ಹೆಂಡತಿ ಮುಖ ಊದಿಸಿಕೊಂಡು ಕೂತ ಮೇಲೆ ಅಂತೂ ಮುಗಿಸಿದ್ದ. ಆ ನೆಲದ ಮೇಲೆ ಈಗ ಅವನನ್ನು ಮಲಗಿಸುವಂತಿಲ್ಲ.

ಹೊರಗೆ ಪ್ರಾಣ ಬಿಟ್ಟವರು ಮನೆಯ ಹೊಸ್ತಿಲು ದಾಟಬಾರದು. ದಾಟಿಸಿದರೆ ಮನೆಯವರಲ್ಲಿ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಮೆಕಾಂಗ್ ನದಿಯ ಈ ಕಾಲುವೆಗಳ ಎರಡೂ ದಡದಲ್ಲಿ ಇದನ್ನು ಯಾರಿಗೂ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಡಾಕ್ಟರು ಕೈಚೆಲ್ಲುವ ಲಕ್ಷಣ ಕಂಡರೆ ಸಾಕು, ಜನ ವ್ಯಾನು ಹಿಡಿಯುತ್ತಾರೆ. ಮೂಗಿಗೆ ಉಸಿರಿನ ಚೀಲ ಒತ್ತುತ್ತ ಒತ್ತುತ್ತ ಮನೆ ಮುಟ್ಟಿಸಿ, ಸ್ವಂತ ಮಂಚದ ಮೇಲೆ ಮಲಗಿಸಿ, ಆಮೇಲೆ ಕೈ ಬಿಡುತ್ತಾರೆ. ಮೂಯ್ ಹಾಗೆ ಮಾಡಲಿಲ್ಲ. ಗಂಡನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡಳು. ಅವನು ಅಲ್ಲೇ ಹೋದ.

ಅಂಗಳದ ಮೂಲೆಯಲ್ಲಿ ಒಲೆ ಹೂಡಿದ್ದರು. ನೆರೆಮನೆಯ ಚಿನ್ ಅಕ್ಕ ಬಂದವರಿಗೆ ಗಂಜಿ ಬಡಿಸುತ್ತಿದ್ದಳು. ಸೌಟಿಗಿಂತ ಅವಳ ಬಾಯಿಯೇ ಹೆಚ್ಚು ಓಡುತ್ತಿತ್ತು.

"ಇವ್ಳ ಭಾವ ಖಾಯ್ ವ್ಯಾನು ತಂದು ಆಸ್ಪತ್ರೆ ಬಾಗಿಲಲ್ಲೇ ನಿಲ್ಸಿದ್ರಂತೆ. ಇವ್ಳು ಒಲ್ಲೆ ಅಂದ್ಳಂತೆ."

"ಯಾಕಂತೆ?"

"ಯಾಕೆ ಅಂದ್ರೆ, ರಕ್ತದಲ್ಲಿ ಏನೋ ಇಳಿದಿದೆಯಂತೆ! ತೆಂಗಿನಹಾಲು ಮಾರೋಳು ರಕ್ತ ಓದೋಕೆ ಕಲಿತುಬಿಟ್ಟಿದ್ಳು, ಇನ್ನೇನು."

ಮೂಯ್‌ಗೆ ಕೇಳಿಸಿತು. ಕೇಳಿಸಲಿ ಎಂದೇ ಆಡಿದ ಮಾತು ಅದು. ಅವಳು ಗಳುವನ್ನು ಮಗಳ ಕೈಗೆ ಕೊಟ್ಟು ಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚಿದಳು. ಪೆಟ್ಟಿಗೆಯೊಳಗೆ ಡೂಕ್‌ನ ಹಣೆಗೂ ಬಿಳಿ ಪಟ್ಟಿ ಕಟ್ಟಿತ್ತು. ಹೆತ್ತ ತಾಯಿ ಬದುಕಿರುವಾಗಲೇ ಹೋದ ಮಗ, ತಾಯಿ ಹೋದಾಗ ಕಟ್ಟಬೇಕಾದ ಪಟ್ಟಿಯನ್ನು ಈಗಲೇ ಕಟ್ಟಿಕೊಂಡು ಹೋಗಬೇಕು. ಆ ತಾಯಿ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಮುಂದಿನ ಕೋಣೆಯ ಹಲಗೆ ಮಂಚದ ಮೇಲೇ ಇದ್ದಾಳೆ. ತೆರೆದ ಬಾಗಿಲಿನಿಂದ ಅವಳಿಗೆ ಪೆಟ್ಟಿಗೆ ಕಾಣುತ್ತದೆ. ಮಗನನ್ನು ತಂದಾಗಿನಿಂದ ಅವಳು ಒಂದು ಮಾತೂ ಆಡಿಲ್ಲ, ಅತ್ತೂ ಇಲ್ಲ.

*

ಇದೆಲ್ಲ ಶುರುವಾದದ್ದು ಮಾವನ ವರ್ಷಾಬ್ದಿಯ ದಿನ. ಊಟ ಮುಗಿದು ಗಂಡಸರು ಅಕ್ಕಿ ಹೆಂಡದ ಎರಡನೇ ಸುತ್ತಿಗೆ ಕೂತಿದ್ದರು. ಡೂಕ್ ಎಂದಿನಂತೆ ನಗಿಸುತ್ತಿದ್ದ. ನಗುತ್ತಿದ್ದವನು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದ. ಇದೂ ಒಂದು ತಮಾಷೆ ಎಂದುಕೊಂಡು ಎಲ್ಲರೂ ಇನ್ನಷ್ಟು ನಕ್ಕರು.

"ಬೆನ್ನಿಗೂ ಇರಿತಾ ಇದೆ ಮಾರಾಯ್ತಿ," ಎಂದ ಒಳಗೆ ಬಂದು. ಬೆವರಿನಲ್ಲಿ ತೊಯ್ದು ಹೋಗಿದ್ದ.

"ಗಾಳಿ ಹೊಕ್ಕಿದೆ," ಎಂದಳು ಚಿನ್ ಅಕ್ಕ. ಎಣ್ಣೆ ಹಚ್ಚಿ, ಬೆಳ್ಳಿ ನಾಣ್ಯದ ಅಂಚಿನಿಂದ ಅವನ ಬೆನ್ನನ್ನು ಮೇಲಿಂದ ಕೆಳಗೆ ಕೆರೆದಳು. ಬೆನ್ನ ತುಂಬ ಕೆಂಪು ಬಾಸುಂಡೆ ಎದ್ದವು. "ನೋಡು, ಎಷ್ಟು ಗಾಳಿ ಸೇರ್ಕೊಂಡಿತ್ತು! ಎಲ್ಲ ಹೊರಗೆ ಬಂತು." ಅವಳ ಕೈಗುಣಕ್ಕೆ ಊರೇ ತಲೆಬಾಗುತ್ತಿತ್ತು. ಡೂಕ್ ಸ್ವಲ್ಪ ಹಗುರವಾಯಿತು ಎಂದ. ಬೆಳಗಾಗುವ ಹೊತ್ತಿಗೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಮುದುಡಿ ಬಿದ್ದಿದ್ದ. ಆಗ ದೋಣಿಯಲ್ಲಿ ಹಾಕಿಕೊಂಡು ಜಿಲ್ಲಾಸ್ಪತ್ರೆಗೆ ಹೊರಟರು.

ಅಲ್ಲಿ ನರ್ಸು ರಕ್ತ ತೆಗೆದುಕೊಂಡು ಗಾಜಿನ ನಳಿಗೆಯನ್ನು ನಿಲ್ಲಿಸಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಮೂಯ್ ಅದನ್ನು ನೋಡಿ ಬೆಚ್ಚಿದಳು. ಕೆಳಗೆ ಕೆಂಪು, ಮೇಲೆ ಬೆಳ್ಳಗೆ ಗಟ್ಟಿ ಹಾಲು. ದಿನಾ ಸಂತೆಯಲ್ಲಿ ತಾನೇ ಹಿಂಡಿ ಮಾರುವ ತೆಂಗಿನಹಾಲು ಹೇಗಿರುತ್ತದೋ ಹಾಗೇ.

"ಇದು ನಾನು ಹಾಕಿದ್ದೇನಮ್ಮ? ನಾನು ಮಾಡಿಕ್ಕಿದ ಅಡುಗೇನಾ ಇದು?" ಎಂದು ಡಾಕ್ಟರ ಮುಂದೆ ಅಳುವುದಕ್ಕೇ ಶುರುಮಾಡಿದಳು.

ಡಾಕ್ಟರ್ ವಾನ್ ಇನ್ನೂ ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟ ಕಣ್ಣಿನವಳು. "ಅಲ್ಲ ಅಕ್ಕ. ಕೆಲವರ ರಕ್ತದಲ್ಲೇ ಕೊಬ್ಬು ಜಾಸ್ತಿ ಇರುತ್ತೆ. ಇವರಿಗೆ ಗೊತ್ತೇ ಇರ್ಲಿಲ್ಲ, ಅಷ್ಟೇ. ಜೊತೆಗೆ ಹೆಂಡ ಬೇರೆ," ಎಂದಳು. "ಹೊಟ್ಟೆ ಹಿಂದೆ ಒಂದು ಗ್ರಂಥಿ ಇದೆ, ಮೇದೋಜ್ಜೀರಕ ಅಂತ. ಊಟ ಕರಗಿಸೋ ರಸ ಅಲ್ಲಿಂದ ಬರೋದು. ಈಗ ಅದು ಬಾತ್ಕೊಂಡು, ಆ ರಸ ಗ್ರಂಥಿಯನ್ನೇ ಕರಗಿಸ್ತಾ ಇದೆ."

"ಮತ್ತೆ ಹುಷಾರಾಗ್ತಾರಾ?"

"ತುಂಬಾ ಜನಕ್ಕೆ ಒಂದು ವಾರದಲ್ಲಿ ತಾನಾಗೇ ಇಳಿಯುತ್ತೆ. ಕೆಲವರಿಗೆ ಮಾತ್ರ ಕೆಡುತ್ತೆ. ಯಾರಿಗೆ ಇಳಿಯುತ್ತೆ, ಯಾರಿಗೆ ಕೆಡುತ್ತೆ ಅಂತ ಮೊದಲನೇ ದಿನ ಮುಖ ನೋಡಿ ಹೇಳೋಕಾಗಲ್ಲ ಅಕ್ಕ. ನಾಳೆ ಮತ್ತೆ ರಕ್ತ ತೆಗಿತೀವಿ. ಆಗ ಹೇಳ್ತೀನಿ."

*

ಹೊರುವವರು ಬಂದರು. ಕಪ್ಪು ಅಂಗಿಗೆ ಕೆಂಪು ಪಟ್ಟಿ ಹೊಲಿಸಿಕೊಂಡ ಎಂಟು ಜನ. ಅವರ ಮುಖಂಡನ ಕೈಯಲ್ಲಿ ಜೋಡಿ ಮರದ ಕೋಲು. ಅವನು ಒಮ್ಮೆ ತಟ್ಟಿದರೆ ಬಗ್ಗಬೇಕು, ಇನ್ನೊಮ್ಮೆ ತಟ್ಟಿದರೆ ಎತ್ತಬೇಕು. ಕಾಲುವೆಯಲ್ಲಿ ದೋಣಿ ಸಿದ್ಧವಾಗಿತ್ತು.

ಖಾಯ್ ಅವರಿಗೆ ಚಹಾ ಕೊಡಿಸಿ ಬಾಗಿಲ ಕಡೆ ಹೊರಟ. ಡೂಕ್‌ಗಿಂತ ಎರಡೇ ವರ್ಷ ದೊಡ್ಡವನು, ಅದೇ ಮೂಗು, ಅದೇ ನಡಿಗೆ. ಅವನನ್ನು ಹಿಂದಿನಿಂದ ಕಂಡಾಗಲೆಲ್ಲ ಮೂಯ್‌ಗೆ ಒಂದು ಗಳಿಗೆ ಡೂಕ್ ಎಂದೇ ಅನಿಸುತ್ತಿತ್ತು.

"ಭಾವ."

"ಏನು?"

"ಒಂದೇ ಒಂದು ಸಲ ಒಳಗೆ ತಗೊಂಡು ಹೋಗಿ. ಒಂದು ಲೋಟ ಚಹಾ ಆರೋವಷ್ಟು ಹೊತ್ತು. ಆಮೇಲೆ ಎತ್ಕೊಂಡು ಹೋಗಿ, ನಾನು ತುಟಿ ಬಿಚ್ಚಲ್ಲ."

"ನಿನ್ನೆನೂ ಕೇಳಿದೆ, ಇವತ್ತೂ ಅದೇ. ಆಗಲ್ಲ ಅಂತ ಹೇಳಿದ್ನಲ್ಲ ಮೂಯ್."

"ಕರ್ಕೊಂಡು ಬರ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ ಭಾವ."

"ಆಗ ಎಲ್ಲಿ ಹೋಗಿತ್ತು ಆ ಮಾತು?" ಖಾಯ್‌ನ ದನಿ ಏರಿತು. ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. "ನಾನು ವ್ಯಾನು ತಂದು ನಿಲ್ಸಿದ್ದೆ. ನಿನ್ನ ಕೈ ಮುಗಿದು ಕೇಳ್ದೆ. ಅವನ ಪ್ರಾಣ ಇತ್ತು ಆಗ. ಹೋಗ್ಲಿ, ಸತ್ತ ಮೇಲಾದ್ರೂ ಚೀಲ ಒತ್ಕೊಂಡು ತಂದು ಬದುಕಿದಾನೆ ಅಂದಿದ್ರೆ ಯಾರು ಮೂಗಿಗೆ ಬೆರಳಿಟ್ಟು ನೋಡ್ತಿದ್ರು? ಎಷ್ಟು ಜನ ಮಾಡಲ್ಲ ಹಾಗೆ! ನೀನು ಊರ ಬಾಗಿಲಲ್ಲೇ ದೋಣಿಯಿಂದ ಇಳಿದು 'ಹೋಗ್ಬಿಟ್ರು' ಅಂತ ಕೂಗ್ದೆ."

ಕೂಗಿದ್ದು ನಿಜ. ಗಂಡ ಸತ್ತ ಹೆಂಗಸು ಕೂಗದೆ ಇನ್ನೇನು ಮಾಡುತ್ತಾಳೆ? ಅಷ್ಟು ಹುಷಾರುತನ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

"ಒಳಗೆ ಅಮ್ಮ ಇದಾಳೆ," ಎಂದ ಖಾಯ್, ಈಗ ಮೆಲ್ಲಗೆ. "ತಮ್ಮ ಹೋದ. ಅಮ್ಮನ್ನೂ ಕಳ್ಕೊಳ್ಳೋ ಶಕ್ತಿ ನನಗಿಲ್ಲ ಮೂಯ್."

ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

*

ಎರಡನೇ ದಿನ ಡೂಕ್ ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಸೂಜಿಯ ಔಷಧಕ್ಕೆ ನೋವು ಇಳಿದಿತ್ತು. ಪಕ್ಕದ ಹಾಸಿಗೆಯವನನ್ನು ನಗಿಸುತ್ತಿದ್ದ. ಕೆಳಗೆ ಬಾಗಿ, ಬೆರಳ ಗೆಣ್ಣಿನಿಂದ ನೆಲವನ್ನು ತಟ್ಟಿ ನೋಡಿದ.

"ಕೇಳಿಸ್ತಾ? ಪೊಳ್ಳು. ಕೆಳಗೆ ಗಾರೆ ಸರಿಯಾಗಿ ತುಂಬಿಲ್ಲ. ಸರ್ಕಾರದ ದುಡ್ಡು ಯಾರೋ ತಿಂದಿದಾರೆ."

"ಸುಮ್ನೆ ಮಲಕ್ಕೊಳ್ರೀ. ಹೊಟ್ಟೆ ನೋವು ಅಂತ ಸೇರಿಸಿದ್ರೆ ಕಂಟ್ರಾಕ್ಟರಿಕೆ ಮಾಡ್ತಾ ಇದಾರೆ."

"ಹುಷಾರಾದೆ ಕಣೆ. ಮನೆಗೆ ಹೋಗೋಣ. ಅಣ್ಣ ದೋಣಿ ತಂದಿದಾನೆ."

ಖಾಯ್ ಆಗಲೇ ಬಟ್ಟೆಬರೆ ಕಟ್ಟುತ್ತಿದ್ದ. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಡಾಕ್ಟರ್ ವಾನ್ ಹತ್ತಿರ ಬಂದಳು, ನಗಲಿಲ್ಲ.

"ಮನೆಗಲ್ಲ. ಈಗಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು," ಎಂದಳು.

"ಇವನಿಗಾ?" ಖಾಯ್ ನಕ್ಕ. "ಸ್ವಲ್ಪ ಇವನ ಮುಖ ನೋಡಿ ಡಾಕ್ಟ್ರೇ."

"ಮುಖ ನೋಡ್ದೆ. ರಕ್ತಾನೂ ನೋಡ್ದೆ." ಅವಳು ಮೂಯ್ ಕಡೆಗೇ ತಿರುಗಿ ಹೇಳಿದಳು. "ಅಷ್ಟು ಬಾಟ್ಲಿ ನೀರು ಏರಿಸಿದ್ರೂ ರಕ್ತ ತೆಳುವಾಗಿಲ್ಲ. ಯೂರಿಯಾ ಅಂತ ಒಂದಿದೆ, ಅದು ಇಳೀಬೇಕಿತ್ತು, ಏರಿದೆ. ಸಿಆರ್‌ಪಿ ಅಂತ ಇನ್ನೊಂದು, ಒಳಗಿನ ಉರಿ ಎಷ್ಟು ಅಂತ ಹೇಳೋದು. ಮೊದಲನೇ ದಿನ ಅದು ಬಾಯಿ ಬಿಡಲ್ಲ. ಇವತ್ತು ಬಿಟ್ಟಿದೆ. ತುಂಬಾ ಜಾಸ್ತಿ ಇದೆ ಅಕ್ಕ."

"ಆದ್ರೆ ನೋವೇ ಇಲ್ವಲ್ಲ ನನಗೆ?" ಎಂದ ಡೂಕ್.

ಡಾಕ್ಟರು ನೆಲದ ಕಡೆ ನೋಡಿದಳು. "ನೀವು ಆಗ ನೆಲ ತಟ್ಟಿ ನೋಡಿದ್ರಲ್ಲ, ಅಣ್ಣ. ಮೇಲಿಂದ ಚೆನ್ನಾಗೇ ಕಾಣುತ್ತೆ. ನಾವು ರಕ್ತ ನೋಡೋದೂ ಹಾಗೇನೇ."

ಡೂಕ್‌ನ ಮುಖದ ನಗು ಮೆಲ್ಲಗೆ ಇಳಿಯಿತು. ಪೊಳ್ಳು ಟೈಲ್ಸು ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಬಂದು ಮೂಯ್ ಡಾಕ್ಟರ ತೋಳು ಹಿಡಿದಳು. "ಹೀಗೆ ಏರಿದವರು... ಎಷ್ಟು ಜನ ಉಳಿತಾರೆ?"

"ಒಳಗಿನ ಅಂಗಗಳು ಸೋಲೋಕೆ ಶುರುವಾದ್ರೆ, ಹತ್ತು ಜನದಲ್ಲಿ ಮೂರೋ ನಾಲ್ಕೋ ಜನ ಉಳಿಯಲ್ಲ."

"ಹಾಗಾದ್ರೆ ಆರು ಜನ ಉಳಿತಾರೆ."

"ಹೌದು ಅಕ್ಕ. ಬೇಗ ಹೋದ್ರೆ."

ಮೂಯ್ ಆ ಆರು ಜನರನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಖಾಯ್ ಜಗಳವಾಡಿದ. ಕಾಗದ ನೋಡಿ ಮನುಷ್ಯನನ್ನು ಅಳೆಯುತ್ತೀಯಾ ಎಂದು ಬೈದ. ಅವಳು ಜಗ್ಗಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗುವ ವ್ಯಾನಿನಲ್ಲಿ ಡೂಕ್ ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, "ಅಲ್ಲಿ ಬಿಟ್ಟುಬಿಡಬೇಡ ಕಣೆ. ಏನೇ ಆಗ್ಲಿ, ಮನೆಗೆ ಕರ್ಕೊಂಡು ಹೋಗು," ಎಂದ.

"ಹೋಗೋಣ. ಸ್ವಲ್ಪ ಇಳೀಲಿ, ಹೋಗೋಣ," ಎಂದಳು.

ಮರುದಿನವೇ ಅವನಿಗೆ ಉಸಿರು ಸಾಲದಾಯಿತು. ಖಾಯ್ ಆಸ್ಪತ್ರೆಯ ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. ರಕ್ತ ಹೇಳಿದ್ದು ಅಕ್ಷರ ತಪ್ಪದೆ ನಡೆಯುತ್ತಿತ್ತು.

*

"ಅಮ್ಮನ ಬಾಗಿಲು ಹಾಕ್ಬೇಕು," ಎಂದು ಯಾರೋ ಹಿರಿಯರು ನೆನಪಿಸಿದರು. ಮಗನ ಪೆಟ್ಟಿಗೆ ಎತ್ತುವುದನ್ನು ಹೆತ್ತವಳು ನೋಡಬಾರದು, ಹಿಂದೆ ಹೋಗಲೂಬಾರದು.

ಖಾಯ್ ಹೊಸ್ತಿಲ ಮೇಲೆ ನಿಂತು ಒಂದು ಕದ ಎಳೆದ. ಮೂಯ್ ಓಡಿಹೋಗಿ ಇನ್ನೊಂದು ಕದಕ್ಕೆ ಬೆನ್ನು ಕೊಟ್ಟು ನಿಂತಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಬಾಗಿಲು ತೆರೆದಿದ್ದರೆ ಡೂಕ್ ಇನ್ನೂ ಬರಬಹುದು ಎನ್ನುವ ಹಾಗೆ ನಿಂತಿದ್ದಳು.

"ಸರಿ ಆಚೆ."

"ಸರಿಯೋದಿಲ್ಲ."

"ಮೂಯ್, ಹೊತ್ತು ಮೀರ್ತಾ ಇದೆ!"

"ಮೀರ್ಲಿ. ಅವರು ಕಟ್ಟಿದ ಮನೆ ಇದು. ಅವರು ಹಾಸಿದ ನೆಲ ಇದು. ನಾನು ತಪ್ಪು ಮಾಡ್ದೆ ಭಾವ, ನಾನು. ಶಿಕ್ಷೆ ನನಗೆ ಕೊಡಿ. ಬೇಕಿದ್ರೆ ನಾನು ಇನ್ಮೇಲೆ ಹೊರಗೇ ಇರ್ತೀನಿ. ಅವರನ್ನ ಒಳಗೆ ಬಿಡಿ."

ಒಲೆಯ ಬಳಿ ಚಿನ್ ಅಕ್ಕನ ಬಾಯಿ ನಿಂತಿತ್ತು. ಅವಳು ಸೆರಗಿಲ್ಲದ ಅಂಗಿಯ ತುದಿಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

*

ಖಾಯ್ ವ್ಯಾನು ತಂದ ದಿನ ಡೂಕ್‌ನ ಬಾಯಲ್ಲಿ ಉಸಿರಿನ ಕೊಳವೆ ಇತ್ತು. ಮೂತ್ರಪಿಂಡ ಸೋತು, ಮಂಚದ ಪಕ್ಕದಲ್ಲಿ ರಕ್ತ ತೊಳೆಯುವ ಯಂತ್ರ ತಿರುಗುತ್ತಿತ್ತು.

"ಇನ್ನು ಸಾಕು. ಕರ್ಕೊಂಡು ಹೋಗೋಣ. ಉಸಿರಿರುವಾಗ್ಲೇ ಮನೆ ಸೇರ್ಲಿ," ಎಂದು ಖಾಯ್ ಕೈಮುಗಿದ.

ಮೂಯ್ ಒಪ್ಪಿಯೇಬಿಟ್ಟಿದ್ದಳು. ಅವನ ಚಪ್ಪಲಿಯನ್ನೂ ಚೀಲಕ್ಕೆ ಹಾಕಿದ್ದಳು. ಆಗ ದೊಡ್ಡಾಸ್ಪತ್ರೆಯ ಡಾಕ್ಟರು ಬೆಳಗಿನ ರಕ್ತದ ವರದಿ ತಂದರು. "ಯೂರಿಯಾ ಇಳಿದಿದೆ. ಸಿಆರ್‌ಪಿಯೂ ಸ್ವಲ್ಪ ಇಳಿದಿದೆ. ಆದರೆ ಯೂರಿಯಾ ಇಳಿಸಿದ್ದು ಯಂತ್ರ. ಅದನ್ನ ನೋಡಿ ಹುಷಾರಾಗ್ತಿದಾರೆ ಅಂತ ಹೇಳೋಕಾಗಲ್ಲ," ಎಂದರು.

ಡಾಕ್ಟರು ಎಲ್ಲವನ್ನೂ ಹೇಳಿದ್ದರು, ಏನನ್ನೂ ಮುಚ್ಚಿಡಲಿಲ್ಲ. ಮೂಯ್ ಕಿವಿಗೆ ಬಿದ್ದದ್ದು ಮಾತ್ರ ಒಂದೇ ಮಾತು, ಇಳಿದಿದೆ. ಅವನು ನಗುತ್ತ ಕೂತಿದ್ದಾಗ ಕೆಡುತ್ತದೆ ಎಂದು ಹೇಳಿದ್ದು ಇದೇ ರಕ್ತ. ಊರೆಲ್ಲ ನಂಬದಿದ್ದರೂ ಅವಳು ನಂಬಿದ್ದಳು, ಅದು ನಿಜವಾಗಿತ್ತು. ಈಗ ಅದೇ ರಕ್ತ ಇಳಿದಿದೆ ಅಂದರೆ ನಂಬದಿರುವುದು ಹೇಗೆ?

"ಇನ್ನೊಂದು ದಿನ ಭಾವ. ಒಂದೇ ದಿನ."

ಅವಳು ಜಗಲಿಗೆ ಓಡಿ ಮನೆಗೆ ಫೋನು ಮಾಡಿದಳು. ಅತ್ತೆಯ ಕಿವಿಗೆ ಹಿಡಿಯುವಂತೆ ಮಗಳಿಗೆ ಹೇಳಿ, "ಇಳಿದಿದೆ ಅತ್ತೆ, ಇಳಿದಿದೆ," ಎಂದು ಹುಚ್ಚಿಯಂತೆ ನಕ್ಕಳು.

ವ್ಯಾನು ಖಾಲಿಯಾಗಿ ವಾಪಸು ಹೋಯಿತು. ಮರುದಿನ ಬೆಳಕು ಹರಿಯುವ ಮೊದಲೇ ಡೂಕ್ ಹೋದ.

*

"ಖಾಯ್."

ಒಳಗಿನಿಂದ ದನಿ ಬಂತು. ಎರಡು ದಿನದಿಂದ ಆಡದ ಗಂಟಲು, ಒಣಗಿ ಹೋಗಿತ್ತು. ಖಾಯ್ ಕದ ಬಿಟ್ಟು ಮಂಚದ ಪಕ್ಕದಲ್ಲಿ ಮಂಡಿಯೂರಿದ.

"ಬಾಗಿಲು ಹಾಕ್ಬೇಡ," ಎಂದಳು ಮುದುಕಿ. "ಅವನನ್ನ ಒಳಗೆ ತಗೊಂಡು ಬಾ."

"ಆಗಲ್ಲಮ್ಮ. ನಿನಗೇನಾದ್ರೂ ಆದ್ರೆ ನಾನು..."

"ನನಗಿನ್ನೇನಾಗ್ಬೇಕೋ?"

"ನಿನ್ನ ಕಾಲು ಹಿಡ್ಕೋತೀನಿ. ನನ್ನ ಕೈಯಲ್ಲಿ ಇದನ್ನ ಮಾಡಿಸ್ಬೇಡ." ನರೆತ ತಲೆಯ ಗಂಡಸು, ಮಂಚದ ಅಂಚಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ.

ಮುದುಕಿ ಬಹಳ ಹೊತ್ತು ಅವನ ತಲೆ ಸವರಿದಳು. ಆಮೇಲೆ, "ಆಯ್ತು ಬಿಡು. ನಿನ್ನ ಮಾತು ನಿನಗಿರ್ಲಿ," ಎಂದಳು. "ನಾನಿನ್ನೂ ಸತ್ತಿಲ್ವಲ್ಲ. ನಾನು ಹೊಸ್ತಿಲು ದಾಟ್ಬಹುದು. ಆ ಹೊರೋರನ್ನ ಕರಿ. ಮೊದ್ಲು ನನ್ನನ್ನ ಎತ್ಲಿ."

"ಅಮ್ಮಾ, ಹೆತ್ತವರು ಬರ್ಬಾರದು..."

"ಸುಡುಗಾಡಿಗೆ ಬರ್ತೀನಿ ಅಂದ್ನಾ ನಾನು? ಅಂಗಳಕ್ಕೆ ಬರ್ತೀನಿ. ನನ್ನ ಮನೆ ಅಂಗಳ."

ಹೊರುವವರ ಮುಖಂಡ ಖಾಯ್‌ನ ಮುಖ ನೋಡಿದ. ಖಾಯ್ ತಲೆ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮುಖಂಡ ಕೋಲುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಮಂಚದ ಒಂದು ಮೂಲೆಗೆ ಕೈ ಹಾಕಿದ. ಸೊಳ್ಳೆಪರದೆಯ ಕೋಲುಗಳ ಸಮೇತ, ದಿಂಬು ಕಂಬಳಿ ಸಮೇತ, ಮುದುಕಿಯನ್ನು ಹೊತ್ತ ಹಲಗೆ ಮಂಚ ಬಾಗಿಲಿನಿಂದ ಅಡ್ಡಡ್ಡವಾಗಿ ಹೊರಬಂತು. ಪೆಟ್ಟಿಗೆಯ ಪಕ್ಕಕ್ಕೆ ತಾಗುವ ಹಾಗೆ ಇಳಿಸಿದರು. ಎರಡೂ ಹೆಚ್ಚು ಕಡಿಮೆ ಒಂದೇ ಎತ್ತರಕ್ಕಿದ್ದವು.

ಮುದುಕಿ ಮೆಲ್ಲಗೆ ಮಗ್ಗುಲಾಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಮರ ಬಿಸಿಯಾಗಿತ್ತು.

"ಮೂಯ್, ಬಾ ಇಲ್ಲಿ."

ಮೂಯ್ ಹೋಗಿ ನಿಂತಳು. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿಯೇ ನಿಂತಳು.

"ನೀನು ಫೋನಲ್ಲಿ ಇಳಿದಿದೆ ಅಂದ್ಯಲ್ಲ," ಎಂದಳು ಅತ್ತೆ, "ಆವತ್ತು ನಾನು ಎರಡು ಬಟ್ಟಲು ಅನ್ನ ಉಂಡೆ. ಅಲ್ಲೇ ಇನ್ನೊಂದು ದಿನ ಇಟ್ಕೋ ಅಂತ ನಾನೂ ಅಂದೆ. ನೀನು ಫೋನು ಇಟ್ಬಿಟ್ಟಿದ್ದೆ, ಕೇಳಿಸ್ಲಿಲ್ಲ."

ಮೂಯ್ ಬಾಯಿಂದ ಬಂದ ಸದ್ದು ಅಳುವೂ ಆಗಿರಲಿಲ್ಲ, ಮಾತೂ ಆಗಿರಲಿಲ್ಲ. ಅವಳು ಮಂಚದ ಅಂಚಿನಲ್ಲಿ ಕೂತಳು. ಮುದುಕಿ ಮುರಿದ ಸೊಂಟವನ್ನು ಎಳೆದುಕೊಂಡು ಸ್ವಲ್ಪ ಸರಿದಳು, ಸೊಸೆಗೂ ಮಲಗಲು ಜಾಗವಾಗುವಷ್ಟು. ಮೂಯ್ ಅಲ್ಲಿ ಮಗ್ಗುಲಾದಳು.

ದೋಣಿಯವನು ಕಾಲುವೆಯಿಂದ ಕೂಗು ಹಾಕಿದ. ಹೊರುವವರು ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಮುಖಂಡ ಸೊಂಟದ ಕೋಲುಗಳಿಗೆ ಕೈ ಹಾಕಲಿಲ್ಲ. ಮುದುಕಿ ಕೈ ಚಾಚಿ ಮೇಲೆ ಸುತ್ತಿ ಕಟ್ಟಿದ್ದ ಸೊಳ್ಳೆಪರದೆಯ ಗಂಟು ಬಿಚ್ಚಿದಳು. ಅದನ್ನು ಸೊಸೆಯ ಮೇಲೆ ಇಳಿಬಿಟ್ಟು, ತನ್ನ ಕಾಲ ಬದಿಗೆ ಸಿಕ್ಕಿಸಿದಳು. ಆಮೇಲೆ ಉಳಿದ ಅಂಚನ್ನು ಎರಡು ಕೈಯಲ್ಲೂ ಹಿಡಿದು, ಪೆಟ್ಟಿಗೆಯ ಮೇಲೆ ಎಳೆದು, ಎಟುಕುವಷ್ಟು ದೂರ ಹೊದಿಸತೊಡಗಿದಳು.